ಒಂದು ಕೀಲಿಮಣೆ, ಮೂರು ಭಾಷೆ

ಬೆಳಗಾವಿಯಂಥ ಗಡಿನಾಡಿನ ಕಚೇರಿಯೊಂದರಲ್ಲಿ ಕುಳಿತು, ಬೆಳಗ್ಗೆ ಕನ್ನಡದಲ್ಲೊಂದು ಟಿಪ್ಪಣಿಯನ್ನೂ ಮಧ್ಯಾಹ್ನ ಮರಾಠಿಯಲ್ಲೊಂದು ಪತ್ರವನ್ನೂ ಸಂಜೆಯೊಳಗೆ ಇಂಗ್ಲಿಷಿನಲ್ಲೊಂದು ವರದಿಯನ್ನೂ ಸಿದ್ಧಪಡಿಸಬೇಕಾದ ಗುಮಾಸ್ತನ ಪಾಡು ಬೆರಳಚ್ಚು ಯಂತ್ರದ ಕಾಲದಲ್ಲಿ ಸುಲಭದ್ದಾಗಿರಲಿಲ್ಲ. ಆಗ ಲಿಪಿಗೊಂದು ಯಂತ್ರ ಬೇಕಾಗಿತ್ತು. ಅನಂತಸುಬ್ಬರಾಯರು ಕನ್ನಡಕ್ಕೆಂದು ರೂಪಿಸಿಕೊಟ್ಟ ಕೀಲಿಮಣೆಯ ಮೇಲೆ ಮರಾಠಿ ಬರೆಯುವುದು ಆಗದ ಮಾತು. ಇಂದಿನ ಗಣಕಯಂತ್ರದಲ್ಲಾದರೋ ಈ ಲಿಪಿಗಳೆಲ್ಲವೂ ಒಂದೇ ಕೀಲಿಮಣೆಗೆ ವಶವಾಗಿವೆ. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಸಮಯ ಮತ್ತು ಭಾಷೆಯ ವಿಭಾಗವನ್ನು ಹೊಕ್ಕು, ಬೇಕಾದ ಭಾಷೆಗಳನ್ನು ಸೇರಿಸಿಕೊಂಡು, ವಿಂಡೋಸ್ ಕೀಲಿಯನ್ನು ಅದುಮಿ ಹಿಡಿದು ಸ್ಪೇಸ್ ಬಾರನ್ನು ಒತ್ತಿದರೆ ಒಂದು ಭಾಷೆಯಿಂದ ಮತ್ತೊಂದಕ್ಕೆ ದಾಟಬಹುದು. ಲಿನಕ್ಸಿನಲ್ಲಿಯೂ ಮ್ಯಾಕಿನಲ್ಲಿಯೂ ಇಂಥದೇ ವ್ಯವಸ್ಥೆಯುಂಟು.

ಇಷ್ಟು ಸೌಕರ್ಯವಿದ್ದರೂ ಬಹುಮಂದಿ ಅದನ್ನು ಒಲ್ಲದಿರುವುದಕ್ಕೆ ಕಾರಣ ಮೊದಲ ಐದು ನಿಮಿಷಗಳ ಅನುಭವ. ಕನ್ನಡಕ್ಕೆ ವಿಂಡೋಸಿನಲ್ಲಿ ಮೊದಲಿನಿಂದಲೂ ಇರುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಅದರಲ್ಲಿ 'ಕೆ' ಒತ್ತಿದರೆ ಕಕಾರವೇನೋ ಮೂಡುತ್ತದೆ. ಆ ಹುಮ್ಮಸ್ಸಿನಲ್ಲಿ 'ಎ' ಒತ್ತಿದೊಡನೆ ಅದು 'ಕೋ' ಆಗಿ ನಿಲ್ಲುತ್ತದೆ! ಯಂತ್ರವೇ ಕೆಟ್ಟಿತೆಂದು ಬಗೆದು ಅಲ್ಲಿಗೇ ಕೈಬಿಟ್ಟವರು ಅನೇಕರು. ಅಂಥವರಿಗೆ ಕೆ. ಪಿ. ರಾವ್ ಅವರ ವಿನ್ಯಾಸ ಆಪ್ತವೆನಿಸುವುದು ಸಹಜವೇ. ಇಂಗ್ಲಿಷ್ ಅಕ್ಷರದ ಧ್ವನಿಗೆ ಆದಷ್ಟೂ ಹತ್ತಿರವಾಗಿ ಕನ್ನಡದ ವರ್ಣಗಳನ್ನು ಅಳವಡಿಸಿರುವ ಈ ಕ್ರಮದಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿಗಳಿಂದ 'ಕನ್ನಡ' ಎಂದು ಬರೆದಾಯಿತು. ಎಫ್ ಎಂಬುದು ಅಲ್ಲಿ ಒತ್ತಕ್ಷರವನ್ನು ಬೆಸೆಯುವ ಕೊಂಡಿ. 'ನುಡಿ' ತಂತ್ರಾಂಶ ಇದನ್ನು ಸರ್ಕಾರಿ ಕಚೇರಿಗಳಿಗೆಲ್ಲ ಮುಟ್ಟಿಸಿತು. ಕನ್ನಡವೊಂದನ್ನೇ ಬರೆಯುವವರಿಗೆ ಇದಕ್ಕಿಂತ ಹಗುರವಾದ ದಾರಿಯನ್ನು ನಾನು ಕಂಡಿಲ್ಲ.

ಆದರೆ ನಮ್ಮ ಗುಮಾಸ್ತ ಮರಾಠಿಗೆ ಹೊರಳಿದಾಗ ಈ ಅಭ್ಯಾಸ ಅವನ ಜೊತೆಗೆ ಬರಲಾರದು. 1991ರಲ್ಲಿ ಭಾರತೀಯ ಮಾನಕವೆಂದು ಅಂಗೀಕೃತವಾದ ಇನ್‌ಸ್ಕ್ರಿಪ್ಟಿನ ಹಿರಿಮೆ ತೋರುವುದು ಇಲ್ಲಿಯೇ. ನಮ್ಮ ಲಿಪಿಗಳು ಆಕಾರದಲ್ಲಿ ಭಿನ್ನವಾದರೂ ವರ್ಣಮಾಲೆಯ ಕ್ರಮದಲ್ಲಿ ಬಹುಮಟ್ಟಿಗೆ ಒಂದೇ ಎಂಬ ತಥ್ಯವನ್ನು ಆಧರಿಸಿ, ಸ್ವರಗಳನ್ನು ಎಡಗೈಗೂ ವ್ಯಂಜನಗಳನ್ನು ಹೆಚ್ಚಾಗಿ ಬಲಗೈಗೂ ಹಂಚಿ, ಅಲ್ಪಪ್ರಾಣದ ಕೀಲಿಯಲ್ಲಿಯೇ ಶಿಫ್ಟ್ ಸಹಿತವಾಗಿ ಮಹಾಪ್ರಾಣವನ್ನಿರಿಸಿದ ಈ ವಿನ್ಯಾಸದಲ್ಲಿ ಕಕಾರದ ಸ್ಥಾನ ಕನ್ನಡಕ್ಕೂ ದೇವನಾಗರಿಗೂ ತೆಲುಗಿಗೂ ಮಲಯಾಳಕ್ಕೂ ಒಂದೇ. 'ಎನ್' ಕೀಲಿಯಲ್ಲಿ ಲಕಾರ, ಶಿಫ್ಟ್ ಹಿಡಿದರೆ ಳಕಾರ. ಮರಾಠಿಯ ಳಕಾರವೂ ಅಲ್ಲಿಯೇ. ಒಮ್ಮೆ ಪಳಗಿದ ಬೆರಳಿಗೆ ಭಾಷೆ ಬದಲಾದರೆ ಹೊಸದಾಗಿ ಕಲಿಯಬೇಕಾದುದು ಅತ್ಯಲ್ಪ.

ಮೊದಮೊದಲು ಶ್ರಮವುಂಟೆಂಬುದನ್ನು ಅಲ್ಲಗಳೆಯಲಾಗದು. ಆದರೂ ಒಂದಕ್ಕಿಂತ ಹೆಚ್ಚು ಭಾರತೀಯ ಲಿಪಿಗಳಲ್ಲಿ ವ್ಯವಹರಿಸುವವರಿಗೆ ಕಚೇರಿಗಳೂ ಶಾಲೆಗಳೂ ಕಲಿಸತಕ್ಕದ್ದು ಇನ್‌ಸ್ಕ್ರಿಪ್ಟನ್ನೇ ಎಂಬುದು ನನ್ನ ಅಭಿಮತ. ಕನ್ನಡದ ಅಭಿಮಾನಕ್ಕೆ ಇದರಿಂದ ಕುಂದೇನೂ ಇಲ್ಲ. ಕನ್ನಡವನ್ನೂ ಮರಾಠಿಯನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ, ಯಂತ್ರ ಊಹಿಸಿಕೊಟ್ಟ ಪದಗಳೊಳಗಿಂದ ಸರಿಯಾದುದನ್ನು ಆರಿಸುತ್ತ ಕೂರುವುದು ಎರಡು ಸಾಲಿನ ಸಂದೇಶಕ್ಕೆ ಸಾಕು, ದಿನವಿಡೀ ಬರೆಯುವವನಿಗೆ ಸಾಲದು.

ವ್ಯವಸ್ಥೆ ಮಾಡಿಕೊಳ್ಳುವಾಗ ನಿತ್ಯ ಬಳಸುವ ಭಾಷೆಗಳನ್ನಷ್ಟೇ ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕು. ಭಾಷೆಗೆ ಎರಡೆರಡು ವಿನ್ಯಾಸಗಳು ಸೇರಿಕೊಂಡರೆ ಸ್ಪೇಸ್ ಬಾರನ್ನು ಒತ್ತಿದಷ್ಟೂ ಬೇಡದ್ದೇ ಎದುರಾಗುತ್ತದೆ. ಗುಪ್ತಪದವನ್ನು ಸರಿಯಾಗಿಯೇ ಒತ್ತಿದರೂ ಯಂತ್ರ ಒಪ್ಪದಿದ್ದರೆ, ಹೊಸ ಗುಪ್ತಪದಕ್ಕೆ ಅರ್ಜಿ ಹಾಕುವ ಮುನ್ನ ಪರದೆಯ ಮೂಲೆಯ ಭಾಷಾಸೂಚಕವನ್ನು ನೋಡಿಕೊಳ್ಳಿ; ಚುಕ್ಕೆಗಳ ಮರೆಯಲ್ಲಿ ಕೀಲಿಮಣೆ ಇನ್ನೂ ಕನ್ನಡದಲ್ಲಿಯೇ ಇರಬಹುದು.