ಗೊಮ್ಮಟನಿಗೂ ಸಿಕ್ಸ್ ಪ್ಯಾಕ್ ಇಲ್ಲ

ನಮ್ಮ ಹಾಸ್ಟೆಲಿನ ಬಚ್ಚಲುಮನೆಯ ಕನ್ನಡಿ ಮುಂದೆ ಪ್ರತಿ ಬೆಳಿಗ್ಗೆ ಒಂದು ಪೂಜೆ ನಡೆಯುತ್ತದೆ. ಎಂ.ಎ. ಹುಡುಗರು ಬನಿಯನ್ ಎತ್ತಿ, ಉಸಿರು ಬಿಗಿಹಿಡಿದು, ಹೊಟ್ಟೆಯ ಮೇಲಿನ ಚೌಕಗಳನ್ನು ಎಣಿಸುತ್ತಾರೆ. ನಾಲ್ಕು ಕಂಡವನು ಆರಕ್ಕಾಗಿ, ಆರು ಕಂಡವನು ಎಂಟಕ್ಕಾಗಿ ರಾತ್ರಿಯೂಟ ಬಿಡುತ್ತಾನೆ. ಇವರನ್ನು ನೋಡಿ ಮೀಸೆಯಡಿ ನಗುವ ನನ್ನ ಸಾಹಿತ್ಯದ ಗೆಳೆಯರು ಇನ್ನೊಂದು ಕಡೆ ಇದ್ದಾರೆ. ನನ್ನ ಜಗಳ ಇಬ್ಬರ ಜೊತೆಗೂ ಇದೆ.

ಆರು ತುಂಡುಗಳನ್ನು ಯಾರೂ ಕಟ್ಟುವುದಿಲ್ಲ. ಪಕ್ಕೆಲುಬಿನಿಂದ ಕಿಬ್ಬೊಟ್ಟೆಯ ಮೂಳೆಯವರೆಗೆ ಇಳಿಯುವ ರೆಕ್ಟಸ್ ಅಬ್ಡೊಮಿನಿಸ್ ಎಂಬ ಜೋಡಿ ಸ್ನಾಯುವಿನ ನಡುವೆ ಉದ್ದಕ್ಕೊಂದು ನಾರಿನ ಗೆರೆ, ಅಡ್ಡಕ್ಕೆ ಸಾಮಾನ್ಯವಾಗಿ ಮೂರು ಗೆರೆಗಳಿರುತ್ತವೆ. ಅವು ಹುಟ್ಟಿನಿಂದ ಬಂದವು. ಎಷ್ಟು ಕಸರತ್ತು ಮಾಡಿದರೂ ಅವುಗಳ ಸಂಖ್ಯೆ ಬದಲಾಗದು, ಸೊಟ್ಟಗಿದ್ದದ್ದು ನೆಟ್ಟಗಾಗದು. ಸ್ನಾಯುವನ್ನು ದಪ್ಪ ಮಾಡಬಹುದು, ನಿಜ. ಆದರೆ ಅದು ಕಾಣಬೇಕಾದರೆ ಮೇಲಿನ ಕೊಬ್ಬು ಕರಗಬೇಕು. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎನ್ನುವುದು ಪ್ರೋಟೀನ್ ಪುಡಿಯ ಜೊತೆ ಪುಕ್ಕಟೆಯಾಗಿ ಸಿಗುವ ಸುಳ್ಳು. 2007ರಲ್ಲಿ 'ಓಂ ಶಾಂತಿ ಓಂ'ಗಾಗಿ ಶಾರುಖ್ ಖಾನ್ ಅಂಗಿ ಬಿಚ್ಚಿದಾಗ ನಾವು ಪ್ರೈಮರಿ ಶಾಲೆಯಲ್ಲಿದ್ದೆವು. ಆ ಹೊಟ್ಟೆ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ನನ್ನನ್ನೂ ಬಿಟ್ಟಿರಲಿಲ್ಲ. ಎರಡನೇ ಅಧ್ಯಾಯ ಬರೆಯುವ ಕಾಲಕ್ಕೆ ಜಿಮ್ ಒಂದಕ್ಕೆ ಸೇರಿದೆ. ಅಲ್ಲಿನ ಟ್ರೇನರ್ ದಿನಕ್ಕೆ ಮುನ್ನೂರು ಕ್ರಂಚಸ್ ಬರೆದುಕೊಟ್ಟ. ಮೂರು ತಿಂಗಳಿಗೆ ಮಸುಕಾದ ನಾಲ್ಕು ಚೌಕ ಕಂಡವು. ಒಂದು ಬೆಳಿಗ್ಗೆ ನೆಲದಿಂದ ಪುಸ್ತಕದ ಕಟ್ಟು ಎತ್ತಲು ಬಗ್ಗಿದವನು ಮತ್ತೆ ನೆಟ್ಟಗಾಗಲಿಲ್ಲ. ಮೂರು ವಾರ ಹಾಸಿಗೆ. ಕ್ರಂಚಸ್ಸಿನಿಂದಲೇ ಹಾಗಾಯಿತೆಂದು ಪ್ರಮಾಣ ಮಾಡಲಾರೆ. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂರುವ ಸಂಶೋಧಕನ ಬೆನ್ನು ಮೊದಲೇ ಅರ್ಧ ಸತ್ತಿರುತ್ತದೆ. ಆದರೆ ಚೌಕಗಳಿದ್ದ ಆ ಹೊಟ್ಟೆ ಒಂದು ಪುಸ್ತಕದ ಕಟ್ಟಿಗೂ ಆಗಿಬರಲಿಲ್ಲ.

ಮಲಗಿದಲ್ಲೇ ಓದಿದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಬೆನ್ನೆಲುಬನ್ನೇ ಅಧ್ಯಯನ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಹಂದಿಯ ಬೆನ್ನೆಲುಬಿನ ತುಂಡುಗಳನ್ನು ಭಾರದಡಿ ಸಾವಿರಾರು ಸಲ ಬಗ್ಗಿಸಿ ನೋಡಿದವರು. ಡಿಸ್ಕ್ ಹೊರಕ್ಕೆ ಉಬ್ಬಿತು. ಬದುಕಿರುವ ಬೆನ್ನು ಸತ್ತ ತುಂಡಿನಂತಲ್ಲ, ಇದರ ಬಗ್ಗೆ ವಾದಗಳಿವೆ. ಆದರೂ ಅವರ ಮುಖ್ಯ ಮಾತು ನನಗೆ ಒಪ್ಪಿಗೆ: ಹೊಟ್ಟೆಯ ಸ್ನಾಯುಗಳ ದೊಡ್ಡ ಕೆಲಸ ಬಗ್ಗಿಸುವುದಲ್ಲ, ಬಗ್ಗದಂತೆ ಹಿಡಿಯುವುದು. ಅಮೆರಿಕದ ಸೇನೆಯೂ ದಶಕಗಳ ಸಿಟ್-ಅಪ್ ಪರೀಕ್ಷೆ ಬಿಟ್ಟು ಈಗ ಪ್ಲ್ಯಾಂಕ್ ಮಾಡಿಸುತ್ತದೆ.

ಇದನ್ನು ಓದುವಾಗ ನನಗೆ ಅಜ್ಜಿ ನೆನಪಾದಳು. ಸೊಂಟದ ಒಂದು ಬದಿಗೆ ತುಂಬಿದ ಕೊಡ, ಇನ್ನೊಂದು ಕೈ ಖಾಲಿ, ಬಾವಿಯಿಂದ ಮನೆಯವರೆಗೆ ಏರು ದಾರಿ. ಒಂದೇ ಬದಿಯ ಭಾರ ಬೆನ್ನನ್ನು ವಾಲಿಸದಂತೆ ಪಕ್ಕದ ಸ್ನಾಯುಗಳು ಬಿಗಿಯಬೇಕು. ಇದನ್ನೇ ಜಿಮ್ಮಿನಲ್ಲಿ 'ಸೂಟ್‌ಕೇಸ್ ಕ್ಯಾರಿ' ಎಂದು ದುಡ್ಡು ತೆಗೆದುಕೊಂಡು ಕಲಿಸುತ್ತಾರೆ. ಅಜ್ಜಿಯ ಹೊಟ್ಟೆಯನ್ನು ಯಾರೂ 'ಕೋರ್' ಎಂದು ಕರೆಯಲಿಲ್ಲ. ಅದರ ಮೇಲೆ ಐದು ಬಾಣಂತನದ ಮಡಿಕೆಗಳಿದ್ದವು. ಗರಡಿಯಲ್ಲಿ ಗದೆ ತಿರುಗಿಸುವವನನ್ನೂ ನೋಡಿ; ಹೊಟ್ಟೆ ಗುಂಡಗಿದ್ದರೂ ನಡು ಅಲುಗದು.

ಇನ್ನು ಶ್ರವಣಬೆಳಗೊಳಕ್ಕೆ ಹೋಗಿ. ಐವತ್ತೆಂಟು ಅಡಿ ಎತ್ತರ, ಸಾವಿರ ವರ್ಷ ದಾಟಿದ ಬಾಹುಬಲಿ. ಮಲ್ಲಯುದ್ಧದಲ್ಲಿ ಚಕ್ರವರ್ತಿ ಅಣ್ಣನನ್ನೇ ಎತ್ತಿದವನು. ಶಿಲ್ಪಿಗೆ ಬೇಕಿದ್ದರೆ ಆರಲ್ಲ, ಹನ್ನೆರಡು ಚೌಕ ಕೆತ್ತಲು ಕಲ್ಲಿಗೇನೂ ಬರವಿರಲಿಲ್ಲ. ಅವನು ನುಣುಪಾದ ಹೊಟ್ಟೆ ಕೆತ್ತಿದ.

ಗೆಳೆಯರೇ, ಈಗ ನಿಮ್ಮ ಸರದಿ. ವಿಚಾರ ಸಂಕಿರಣಗಳಲ್ಲಿ 'ದೇಹ ರಾಜಕಾರಣ'ದ ಬಗ್ಗೆ ಪ್ರಬಂಧ ಮಂಡಿಸುವ ನೀವು ವೇದಿಕೆಯಿಂದ ಇಳಿಯುವಾಗ ಸೊಂಟ ಹಿಡಿದುಕೊಳ್ಳುತ್ತೀರಿ. ಶ್ರಮಿಕನ ದೇಹವನ್ನು ಕವಿತೆಯಲ್ಲಿ ಹೊಗಳಿ, ಸ್ವಂತ ದೇಹದ ಶ್ರಮವನ್ನು ಕೀಳೆಂದು ನೋಡುವುದು ಬೌದ್ಧಿಕತೆಯಲ್ಲ; ಮೈ ಬಗ್ಗಿಸದೆ ಉಂಡವರಿಂದ ಬಂದ ಹಳೆಯ ಮಡಿ. ಕನ್ನಡಿ ಮುಂದಿನ ಹುಡುಗ ನಿಮಗಿಂತ ವಾಸಿ. ಅವನಿಗೆ ತನಗೊಂದು ಹೊಟ್ಟೆ ಇದೆಯೆಂದಾದರೂ ಗೊತ್ತು.

ಮೊನ್ನೆ ಜೂನಿಯರ್ ಒಬ್ಬ ಕೋಣೆಗೆ ಬಂದ. ನಾನು ಚಾಪೆಯ ಮೇಲೆ ಸೈಡ್ ಪ್ಲ್ಯಾಂಕಿನಲ್ಲಿದ್ದೆ. "ಇದರಿಂದ ಎಷ್ಟು ಪ್ಯಾಕ್ ಬರುತ್ತೆ ಸರ್?" ಎಂದ. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಒಂದೇ ಕೈಯಲ್ಲಿ, ವಾಲದೆ, ಮೂರನೇ ಮಹಡಿಗೆ ತಂದುಕೊಡು, ಹೇಳುತ್ತೇನೆ ಎಂದೆ. ಹತ್ತು ನಿಮಿಷ ಬಿಟ್ಟು ಹೋಗಿ ನೋಡಿದರೆ ಮೊದಲನೇ ಮಹಡಿಯ ಮೆಟ್ಟಿಲ ಮೇಲೆ ಕ್ಯಾನಿಗೆ ಒರಗಿ ಕೂತಿದ್ದ.