ಅಮ್ಮನಿಗೂ ಒಂದು ಸಮುದ್ರದ ರಜೆ ಬೇಕು

ಮೋಡವಿಲ್ಲದ ದಿನ ಆಗುಂಬೆಯ ಸೂರ್ಯಾಸ್ತದ ಕಟ್ಟೆ ಮೇಲೆ ನಿಂತರೆ ದೂರದಲ್ಲೊಂದು ಬೆಳ್ಳಿ ಗೆರೆ ಕಾಣುತ್ತದೆ. ಅದೇ ಸಮುದ್ರ ಎಂದು ನಮ್ಮ ಕಡೆಯ ಮಕ್ಕಳಿಗೆಲ್ಲ ಯಾರಾದರೊಬ್ಬರು ಬೆರಳು ಮಾಡಿ ತೋರಿಸಿರುತ್ತಾರೆ. ನನಗೆ ತೋರಿಸಿದ್ದು ಅಮ್ಮ. ಆಗ ಅವಳೂ ಅಷ್ಟನ್ನೇ ನೋಡಿದ್ದಳು ಎಂಬುದು ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಕೊಪ್ಪ ತಾಲ್ಲೂಕಿನ ನಮ್ಮ ಮನೆಯಿಂದ ಮಲ್ಪೆಗೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಅಷ್ಟು ದೂರ ಹೋಗಲಿಕ್ಕೆ ಅವಳಿಗೆ 47 ವರ್ಷ ಬೇಕಾಯಿತು.

ಹಾಗಂತ ಅವಳು ಘಟ್ಟ ಇಳಿದೇ ಇರಲಿಲ್ಲ ಅಂತಲ್ಲ. ಒಂದು ಸಲ ಉಡುಪಿಗೆ ಮದುವೆಗೆ ಹೋಗಿದ್ದಳು, ಇನ್ನೊಂದು ಸಲ ಅಜ್ಜನನ್ನು ಕರೆದುಕೊಂಡು ಮಣಿಪಾಲಕ್ಕೆ. ನಮ್ಮ ಕಡೆಯ ಹೆಂಗಸರು ಘಟ್ಟ ಇಳಿಯುವುದು ಸಾಮಾನ್ಯವಾಗಿ ಈ ಎರಡೇ ಕಾರಣಕ್ಕೆ: ಮದುವೆ, ಇಲ್ಲವೇ ಆಸ್ಪತ್ರೆ. ಎರಡೂ ಸಲ ಅಲ್ಲಿಂದ ಕೆಲವೇ ಕಿಲೋಮೀಟರ್ ಮುಂದೆ ಹೋಗಿದ್ದರೆ ಸಮುದ್ರ ಸಿಗುತ್ತಿತ್ತು. ಯಾಕೆ ಹೋಗಲಿಲ್ಲ ಅಂತ ಕೇಳಿದೆ. "ಸಂಜೆ ಹಾಲು ಕರೆಯೋಕೆ ಬರ್ಬೇಕಿತ್ತಲ ಮಾರಾಯ" ಅಂದಳು.

ಎರಡು ವರ್ಷದ ಹಿಂದೆ, ಏಪ್ರಿಲ್ ಕೊನೆಯಲ್ಲಿ, ಚಿಕ್ಕಪ್ಪನ ಮಗನ ಓಮ್ನಿಯಲ್ಲಿ ಹೊರಟೆವು. ಬೆಳಿಗ್ಗೆ ನಾಲ್ಕಕ್ಕೇ ಎದ್ದು ಹಾಲು ಕರೆದು, ಚಿತ್ರಾನ್ನ ಕಲಸಿ, ಸ್ಟೀಲ್ ಡಬ್ಬಿಗೆ ತುಂಬಿದ್ದಳು. ಆಗುಂಬೆ ಘಾಟಿಯ 14 ತಿರುವುಗಳನ್ನು ಕಣ್ಣು ಮುಚ್ಚಿಕೊಂಡು, ನಿಂಬೆಹಣ್ಣು ಮೂಸುತ್ತಾ ದಾಟಿದಳು. ಸೋಮೇಶ್ವರ, ಹೆಬ್ರಿ, ಉಡುಪಿ. ಮಲ್ಪೆಯ ಮರಳಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತವಳು ಮೊದಲು ಹೇಳಿದ ಮಾತು, "ಆಚೆ ದಡವೇ ಇಲ್ಲ." ತುಂಗೆಯ ಎರಡೂ ದಡ ನೋಡಿ ಬೆಳೆದವರಿಗೆ ಅದೇ ಮೊದಲ ಆಶ್ಚರ್ಯವಿರಬೇಕು. ಆಮೇಲೆ ಸೀರೆ ಮೊಣಕಾಲಿನ ತನಕ ಎತ್ತಿ ಕಟ್ಟಿಕೊಂಡು ನೀರಿಗಿಳಿದಳು. ಅರ್ಧ ಗಂಟೆ ಅಲ್ಲೇ ನಿಂತಿದ್ದಳು. ಮಾತಿಲ್ಲ, ಕಥೆಯಿಲ್ಲ. ಮನೆಯಲ್ಲಿ ಅವಳು ಅರ್ಧ ಗಂಟೆ ಏನೂ ಮಾಡದೆ ನಿಂತಿದ್ದನ್ನು ನಾನು ನೋಡಿದ್ದಿಲ್ಲ.

ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಲು ಬೋಟಿತ್ತು. ಲಾವಾ ತಣ್ಣಗಾಗಿ ಆದ ಕಲ್ಲಿನ ಕಂಬಗಳು ಅಲ್ಲಿವೆ, ಕೋಟ್ಯಂತರ ವರ್ಷ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದವು, ದೇಶದ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಅದೂ ಒಂದು ಅಂತ ವಿವರಿಸಿ ಫೋಟೋ ತೋರಿಸಿದೆ. "ಅಡಿಕೆ ಮರ ಕಡಿದು ಒತ್ತೊತ್ತಿಗೆ ನಿಲ್ಸಿದಂಗಿದೆ" ಅಂದಳು. ನಂತರ ಗಂಟೆ ನೋಡಿದಳು. ಮಧ್ಯಾಹ್ನ ಒಂದೂವರೆ. ಕೊಟ್ಟಿಗೆ ನೆನಪಾಯಿತು. ದ್ವೀಪ ನೋಡದೆ ವಾಪಸು ಬಂದೆವು.

ಬೇಸಿಗೆ ರಜೆ ಎಂದರೆ ನಮ್ಮ ಊರುಗಳಲ್ಲಿ ಯಾರ ರಜೆ ಎಂದು ನಾನು ಯೋಚಿಸಲು ಶುರು ಮಾಡಿದ್ದು ಆ ದಿನದಿಂದ. ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನಿಂದ ನೆಂಟರು ಬರುತ್ತಾರೆ. ಜಗಲಿಯ ಮೇಲೆ ಕಾಲು ಚಾಚಿ, "ಅಬ್ಬ, ಇಲ್ಲಿ ಎಷ್ಟು ಆರಾಮ!" ಅನ್ನುತ್ತಾರೆ. ಅದೇ ಹೊತ್ತಿಗೆ ಮನೆಯ ಹೆಂಗಸು ಹಲಸಿನ ಹಪ್ಪಳ ತಟ್ಟುತ್ತಿರುತ್ತಾಳೆ. ಮಳೆಗಾಲಕ್ಕೆ ಸೌದೆ ಒಟ್ಟಬೇಕು, ಕೊಟ್ಟಿಗೆಗೆ ದರಗು ತರಬೇಕು, ಮಿಡಿ ಉಪ್ಪಿಗೆ ಹಾಕಬೇಕು, ರಾತ್ರಿ ಕರೆಂಟು ಬಂದಾಗ ತೋಟದ ಸ್ಪ್ರಿಂಕ್ಲರ್ ತಿರುಗಿಸಬೇಕು. ಮೇಲೆ ಹತ್ತು ಜನರಿಗೆ ಕಡುಬು. ಹೋಂಸ್ಟೇ ಇರುವ ಮನೆಯಾದರೆ ಕೇಳುವುದೇ ಬೇಡ. ಶೃಂಗೇರಿ, ಕಿಗ್ಗ, ಸಿರಿಮನೆ ಜಲಪಾತದ ಕಡೆ ಬರುವ ಪ್ರವಾಸಿಗರ ವಿಶ್ರಾಂತಿಯನ್ನು ಸಿದ್ಧಪಡಿಸುವುದೇ ಆ ಮನೆಯ ಹೆಂಗಸರ ಬೇಸಿಗೆ ಕೆಲಸ. ಪ್ರವಾಸೋದ್ಯಮದಿಂದ ಮಲೆನಾಡಿಗೆ ಎಷ್ಟು ಆದಾಯ ಎಂಬ ಚರ್ಚೆ ಆಗಾಗ ನಡೆಯುತ್ತದೆ. ಮಲೆನಾಡಿನವರು ಪ್ರವಾಸ ಹೋಗುತ್ತಾರಾ ಎಂದು ಯಾರೂ ಕೇಳುವುದಿಲ್ಲ.

ಯುರೋಪಿನಲ್ಲಿ ಈ ಪ್ರಶ್ನೆ ಕೇಳಿದ್ದರು. ಫ್ರಾನ್ಸಿನಲ್ಲಿ 1936ರಲ್ಲಿ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕೊಡುವ ಕಾನೂನು ಬಂತು. ಎಷ್ಟೋ ಜನ ಮೊದಲ ಸಲ ಸಮುದ್ರ ನೋಡಿದ್ದು ಆ ಬೇಸಿಗೆಯಲ್ಲಿ. ಸ್ಪೇನಿನ ಬೆನಿಡಾರ್ಮ್ 1950ರ ದಶಕದ ತನಕ ಮೀನುಗಾರರ ಸಣ್ಣ ಊರಾಗಿತ್ತು. ಮುಂದೆ ಬ್ರಿಟನ್ನಿನ ಕಾರ್ಖಾನೆ ಕೆಲಸಗಾರರ ಕೈಗೆ ರಜೆಯ ಸಂಬಳ ಬಂತು, ಅಗ್ಗದ ವಿಮಾನ ಬಂತು, ಊಟ ವಸತಿ ಸೇರಿಸಿದ ಪ್ಯಾಕೇಜು ಬಂತು. ಈಗ ಅಲ್ಲಿ ಕಡಲಂಚಿಗೆ ಬಹುಮಹಡಿ ಹೋಟೆಲುಗಳ ಸಾಲು. ವರ್ಷವೂ ಅದೇ ಊರಿಗೆ, ಅದೇ ಹೋಟೆಲಿಗೆ ಹೋಗುವ ಕುಟುಂಬಗಳಿವೆಯಂತೆ. ಅವರೇನೂ ಶ್ರೀಮಂತರಲ್ಲ. ರಜೆ ಮತ್ತು ಸಾರಿಗೆ ಎರಡೂ ಅವರ ಕೈಗೆಟುಕಿತು, ಅಷ್ಟೇ.

ನಮ್ಮ ಕಾಫಿ, ಟೀ ಎಸ್ಟೇಟಿನ ಕೂಲಿಕಾರರಿಗೂ ಕಾಗದದ ಮೇಲೆ ರಜೆ ಇತ್ತು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ 20 ದಿನ ಕೆಲಸಕ್ಕೆ ಒಂದು ದಿನ ಸಂಬಳದ ರಜೆ ಎಂದು ಹೇಳಿತ್ತು. ಆದರೆ ಬಾಳೆಹೊನ್ನೂರು, ಜಯಪುರದ ಕಡೆ ಗುತ್ತಿಗೆ ಲೆಕ್ಕದಲ್ಲಿ, ದಿನಗೂಲಿಯಲ್ಲಿ ಸಣ್ಣ ತೋಟಗಳಿಗೆ ಹೋಗುವವರಿಗೆ ಅದರಿಂದ ಏನು ಬಂತು? ಅವರಿಗೆ ರಜೆ ಎಂದರೆ ಕೂಲಿ ತಪ್ಪಿದ ದಿನ. ನನ್ನ ಜೊತೆ ಹೈಸ್ಕೂಲಿಗೆ ಬರುತ್ತಿದ್ದ ಲೈನ್‌ಮನೆಯ ಗೆಳತಿಯೊಬ್ಬಳು ಶಾಲಾ ಪ್ರವಾಸಕ್ಕೆ ದುಡ್ಡು ಕೊಡಲಾಗದೆ ಉಳಿದುಕೊಂಡಳು. ಆಗುಂಬೆಯ ಗೆರೆಯನ್ನೂ ಅವಳು ನೋಡಿರಲಿಲ್ಲ.

ಸಾರಿಗೆಯ ಮಾತಿಗೆ ಬಂದರೆ ನಮ್ಮ ತಾಲ್ಲೂಕುಗಳಿಗೆ ಒಂದು ಹೆಮ್ಮೆಯೂ ಇದೆ, ಒಂದು ದುಃಖವೂ ಇದೆ. ಕೊಪ್ಪದ ಸಹಕಾರ ಸಾರಿಗೆ. ಶಂಕರ್ ಕಂಪನಿ ನಿಂತಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿಕೊಂಡ ಬಸ್ ಸಂಸ್ಥೆ. ಡ್ರೈವರೇ ಮಾಲೀಕ, ಕಂಡಕ್ಟರೇ ಮಾಲೀಕ. ಬೇರೆ ಬಸ್ಸು ಹೋಗದ ಒಳದಾರಿಗಳಿಗೂ ಹೋಗುತ್ತಿತ್ತು, ಕರಾವಳಿಗೂ ಇಳಿಯುತ್ತಿತ್ತು. ಕಾರಿಲ್ಲದ ಮನೆಯವರಿಗೆ ಘಟ್ಟದ ಕೆಳಗಿನ ಲೋಕ ಅದರ ಕಿಟಕಿಯಲ್ಲೇ ಕಂಡಿದ್ದು. 2020ರ ಫೆಬ್ರುವರಿಯಲ್ಲಿ ನಷ್ಟ ತಡೆಯಲಾಗದೆ ನಿಂತಿತು. ಅದರ ಹಿಂದೆಯೇ ಕೊರೋನಾ ಬಂದದ್ದರಿಂದ ಸರಿಯಾಗಿ ಅಳಲೂ ನಮಗೆ ಪುರುಸೊತ್ತಾಗಲಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಬಯಲುಸೀಮೆಯ ಹೆಂಗಸರು ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಬಸ್ಸು ತುಂಬಿಕೊಂಡು ಹೋದಾಗ ಕೆಲವರು ನಕ್ಕರು, ಮೀಮು ಮಾಡಿದರು. ನನಗಂತೂ ಖುಷಿಯಾಯಿತು. ಜೀವಮಾನದಲ್ಲಿ ಮೊದಲ ಸಲ ಯಾರನ್ನೂ ಕೇಳದೆ ಎರಡು ದಿನ ಮನೆ ಬಿಟ್ಟವರು ಅವರಲ್ಲಿ ಎಷ್ಟು ಜನರೋ! ಆದರೆ ನಮ್ಮ ಕಡೆ ಓಡುವುದು ಹೆಚ್ಚಿನಂಶ ಖಾಸಗಿ ಬಸ್ಸು. ಅಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ನಗುತ್ತಾನೆ. ಆಗುಂಬೆ ಘಾಟಿಯಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲ, ಮಿನಿ ಬಸ್ಸೇ ಬೇಕು, ಇದನ್ನು ಒಪ್ಪುತ್ತೇನೆ. ಶೃಂಗೇರಿಯಿಂದ ಕೆರೆಕಟ್ಟೆ, ಎಸ್.ಕೆ. ಬಾರ್ಡರ್ ಮೇಲೆ ಕಾರ್ಕಳಕ್ಕೆ ಇಳಿಯುವ ದಾರಿಯಿದೆ. (ಸೌತ್ ಕೆನರಾ ಎಂಬ ಜಿಲ್ಲೆಯ ಹೆಸರು ಹೋಗಿ ಎಷ್ಟೋ ಕಾಲವಾದರೂ ಗಡಿ ಮಾತ್ರ ಇನ್ನೂ ಎಸ್.ಕೆ.ಯದೇ!) ಬೇಸಿಗೆಯ ಎರಡು ತಿಂಗಳು, ಭಾನುವಾರಕ್ಕೊಂದರಂತೆ, ಎನ್.ಆರ್. ಪುರದಿಂದ ಹೊರಟು ಕೊಪ್ಪ, ಶೃಂಗೇರಿ ಮೇಲೆ ಮಲ್ಪೆಗೋ ಪಡುಬಿದ್ರಿಗೋ ಹೋಗಿ ಅದೇ ದಿನ ಮರಳುವ ಸರ್ಕಾರಿ ಬಸ್ಸು ಬಿಡಿ. ಶಕ್ತಿ ಯೋಜನೆಯಡಿಯೇ ಬಿಡಿ. ನಾನು ಕೇಳುತ್ತಿರುವುದು ಇಷ್ಟೇ.

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು: ಈಗಲೇ ಬೀಚುಗಳಲ್ಲಿ ಕಾಲಿಡಲು ಜಾಗವಿಲ್ಲ, ನೀವೂ ಹೋಗಿ ಕಸ ಹಾಕುತ್ತೀರಿ. ಮಾತು ಸುಳ್ಳಲ್ಲ. ಸ್ಪೇನಿಗೆ 2024ರಲ್ಲಿ ಒಂಬತ್ತು ಕೋಟಿಗೂ ಹೆಚ್ಚು ವಿದೇಶಿಯರು ಬಂದರು. ಆ ದೇಶದ ಜನಸಂಖ್ಯೆಯೇ ಐದು ಕೋಟಿ ಮುಟ್ಟುವುದಿಲ್ಲ. ಬಾಡಿಗೆ ಏರಿ ಕಂಗಾಲಾದ ಬಾರ್ಸಿಲೋನಾದ ಜನ ಆ ಜುಲೈನಲ್ಲಿ ಪ್ರವಾಸಿಗರ ಮೇಲೆ ಆಟಿಕೆಯ ಪಿಸ್ತೂಲಿನಿಂದ ನೀರು ಚಿಮ್ಮಿಸಿ ಪ್ರತಿಭಟಿಸಿದರು. ಸಿರಿಮನೆಯ ದಾರಿಯಲ್ಲಿ ಬಿಸ್ಕತ್ತಿನ ಕವರು ಹೆಕ್ಕಿದ ನಮಗೆ ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಕಡಲಂಚಿಗೆ ಭಾರವಾಗಿರುವುದು ಸಾಲು ಸಾಲು ಕಾರು, ರೆಸಾರ್ಟು. ಸ್ಟೀಲ್ ಡಬ್ಬಿ ಹಿಡಿದು ಬಸ್ಸಿನಲ್ಲಿ ಬಂದು ಸಂಜೆಗೆ ಮರಳುವ ನಲವತ್ತು ಹೆಂಗಸರಲ್ಲ.

ಎರಡನೆಯದು ಇನ್ನೂ ಗಂಭೀರ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಮುಳಬಾಗಿಲಿನ ವಸತಿ ಶಾಲೆಯ ನಾಲ್ವರು ಹುಡುಗಿಯರು ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಹೊಳೆ ಗೊತ್ತು ಎಂಬ ಧೈರ್ಯ ಕಡಲಲ್ಲಿ ನಡೆಯುವುದಿಲ್ಲ. ಈ ಭಯಕ್ಕೆ ಉತ್ತರ ಮಕ್ಕಳನ್ನು ಮನೆಯಲ್ಲೇ ಕೂರಿಸುವುದಲ್ಲ. ಪಡುಬಿದ್ರಿಗೂ ಕಾಸರಕೋಡಿಗೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಜೀವರಕ್ಷಕರು, ಶೌಚಾಲಯ, ಬಟ್ಟೆ ಬದಲಿಸಲು ಕೋಣೆ, ಇವೆಲ್ಲ ಆ ಮಾನ್ಯತೆಗೆ ಬೇಕಾದವು. ಅವೇ ಎಲ್ಲ ಕಡೆ ಇರಲಿ. ಒದ್ದೆ ಸೀರೆಯಲ್ಲೇ ಎರಡೂವರೆ ಗಂಟೆ ಓಮ್ನಿಯಲ್ಲಿ ಕೂತು ಬಂದ ಅಮ್ಮನಿಗೆ ಮಾರನೇ ದಿನ ಜ್ವರ ಬಂದಿತ್ತು. ಜ್ವರದಲ್ಲೂ ಹಾಲು ಕರೆದಳು.

ಈ ವರ್ಷ ಯುಗಾದಿ ಮುಗಿದ ವಾರ, ಹಪ್ಪಳದ ಹಿಟ್ಟು ಕುಟ್ಟುತ್ತಾ ಅವಳೇ ಕೇಳಿದಳು, "ಆ ಕಲ್ಲಿನ ದ್ವೀಪಕ್ಕೆ ಬೋಟು ಯಾವಾಗ ನಿಲ್ಸ್ತಾರೆ?"

ಮಳೆ ಹಿಡಿಯುವ ಹೊತ್ತಿಗೆ ಅಂದೆ.

ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ತಲೆಯೆತ್ತದೆ, "ಹೋಗಿ ಉಳ್ಕೊಂಡು ಬನ್ನಿ, ಒಂದಿನ ಹಾಲು ನಾನು ಕರೀತೀನಿ" ಅಂದ.

"ದನ ಒಪ್ಬೇಕಲ" ಅಂದಳು ಅಮ್ಮ.