ಪೆಟ್ಟಿಗೆ ಬಂತು, ಮೇಷ್ಟ್ರು ಎಲ್ಲಿ?

ಕಳೆದ ತಿಂಗಳು ನಮ್ಮೂರ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ನಿವೃತ್ತನಾದವನಿಗೆ ಗಂಟೆಯ ಸದ್ದು ಕೇಳಿದರೆ ಕಾಲು ತಾನಾಗಿ ಆ ಕಡೆ ತಿರುಗುತ್ತದೆ. ಕರಿಹಲಗೆಯಿದ್ದ ಜಾಗದಲ್ಲಿ ಹೊಳೆಯುವ ಸ್ಮಾರ್ಟ್ ಬೋರ್ಡು. ಮುಖ್ಯೋಪಾಧ್ಯಾಯರು ಅದನ್ನು ಮನೆಗೆ ಬಂದ ಹೊಸ ಸೊಸೆಯಂತೆ ಪರಿಚಯ ಮಾಡಿಕೊಟ್ಟರು.

“ಗಣಿತದ ಮೇಷ್ಟ್ರು ಎಲ್ಲಿ?” ಎಂದೆ.

“ಹುದ್ದೆ ಖಾಲಿ ಇದೆ ಸ್ವಾಮಿ, ಅದಕ್ಕೇ ಇದು ಬಂದಿದೆ” ಎಂದರು.

ನನ್ನ ಜಗಳವೆಲ್ಲ ಈ ‘ಅದಕ್ಕೇ’ ಎಂಬ ಒಂದು ಮಾತಿನೊಡನೆ.

ನಾನು ಯಂತ್ರದ್ವೇಷಿಯಲ್ಲ. ಹೃದಯ ಬಡಿಯುವುದನ್ನು ಪರದೆಯ ಮೇಲೆ ಕಂಡ ಮಗುವಿಗೆ ನನ್ನ ಸೀಮೆಸುಣ್ಣದ ಚಿತ್ರಕ್ಕಿಂತ ಹೆಚ್ಚು ತಿಳಿದೀತು, ಒಪ್ಪಿದೆ. ಕಣ್ಣು ಕಾಣದ ಹುಡುಗನಿಗೆ ಪುಸ್ತಕ ಓದಿ ಹೇಳುವ ಯಂತ್ರಕ್ಕೆ ಕೈ ಮುಗಿಯುತ್ತೇನೆ. ಆದರೆ ಸೌಟು ಎಷ್ಟು ಹೊಳೆದರೇನು, ಅಡಿಗೆಯವನಿಲ್ಲದೆ ಅನ್ನ ಬೇಯದು.

ಪೆಟ್ಟಿಗೆ ಬಂದದ್ದು ಇದೇ ಮೊದಲೂ ಅಲ್ಲ. 1975ರ ಆಗಸ್ಟ್ 1ರಂದು ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಬಂತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ವರ್ಷ ತುಂಬುತ್ತಲೇ ಪ್ರಯೋಗ ಮುಗಿದು ಉಪಗ್ರಹ ಹಿಂದಿರುಗಿತು. 2004ರ ಸೆಪ್ಟೆಂಬರಿನಲ್ಲಿ ನಮ್ಮದೇ ಎಜುಸ್ಯಾಟ್ ಹಾರಿತು. ಚಾಮರಾಜನಗರದ ಶಾಲೆಗಳು ಅದರಿಂದ ಪಾಠ ಕೇಳಿದವು. 2010ರಲ್ಲಿ ಅದರ ಆಯುಸ್ಸೂ ತೀರಿತು. ಸಾಹಸಗಳೇ ಸರಿ. ಆದರೆ ಮರುದಿನ ಬೆಳಿಗ್ಗೆ ಶಾಲೆಯ ಬೀಗ ತೆಗೆದವರು ಎಂದಿನ ಮೇಷ್ಟ್ರೇ.

2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿತು, ಪಾಠ ಮೊಬೈಲು ಹತ್ತಿತು. ಒಂದೇ ಫೋನಿದ್ದ ಮನೆಯಲ್ಲಿ ಆ ಪಾಠ ಅಪ್ಪನ ಜೇಬಿನಲ್ಲಿ ಕೂತು ಕೂಲಿಗೆ ಹೋಯಿತು. ಆಗ ಮಕ್ಕಳನ್ನು ಹುಡುಕಿಕೊಂಡು ಹೋದವರಾರು? ‘ವಿದ್ಯಾಗಮ’ವೆಂದು ಗುಡಿಯ ಜಗಲಿಯಲ್ಲಿ, ಮರದ ನೆರಳಲ್ಲಿ ಪಾಠ ಹೇಳಿದ ಮೇಷ್ಟ್ರುಗಳು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು, ನಿಜ. ಹುಡುಕಿ ಹೋದದ್ದಂತೂ ಕಾಲುಳ್ಳವರೇ.

ಮತ್ತೆ ನಮ್ಮೂರ ಶಾಲೆಗೇ ಬರೋಣ. ಅಂದು ಒಬ್ಬಳು ಹುಡುಗಿ ಬೋರ್ಡಿನ ಮುಂದೆ ನಿಂತು 52ರಲ್ಲಿ 27 ಕಳೆದು 35 ಎಂದು ಒತ್ತಿದಳು. ಕೆಂಪು ಗುರುತು ಮೂಡಿತು. ಮತ್ತೆ 35, ಮತ್ತೆ ಕೆಂಪು. ಮೂರನೆಯ ಸಲಕ್ಕೆ ಯಂತ್ರ ತಾನೇ 25 ಎಂದು ತೋರಿಸಿ ಮುಂದಿನ ಲೆಕ್ಕಕ್ಕೆ ಹಾರಿತು. ಹುಡುಗಿಯ ಮುಖ ಬಾಡಿತು.

ಪಕ್ಕಕ್ಕೆ ಕರೆದು ಕೇಳಿದೆ. “2ರಲ್ಲಿ 7 ಹೋಗಲ್ಲ ಸಾರ್, ಅದಕ್ಕೇ 7ರಲ್ಲಿ 2 ಕಳೆದೆ” ಎಂದಳು. ಎಂಥ ಜಾಣ ತಪ್ಪು! ಬಿಸಿಯೂಟದ ಅಡಿಗೆಮನೆಯಿಂದ ಹುಣಿಸೆ ಬೀಜ ತರಿಸಿ, ಹತ್ತತ್ತರ ಐದು ಗುಂಪು ಮಾಡಿಸಿ, ಎರಡು ಬಿಡಿ ಬೀಜ ಇಡಿಸಿದೆ. ಏಳು ಬಿಡಿ ಬೀಜ ಕೊಡು ಎಂದಾಗ ತಡವರಿಸಿದಳು; ಆಮೇಲೆ ತಾನೇ ಒಂದು ಗುಂಪು ಒಡೆದಳು. “ಓ!” ಎಂದಳು. ಆ ‘ಓ’ಗಾಗಿಯೇ ನಾನು ಮೂವತ್ತು ವರ್ಷ ಸಂಬಳ ತಿಂದದ್ದು.

ನಾಳೆಯ ಕೃತಕ ಬುದ್ಧಿ ಈ ತಪ್ಪಿನ ಬೇರನ್ನೂ ಪತ್ತೆಹಚ್ಚೀತು ಎನ್ನುವರು. ಹಚ್ಚಲಿ. ಹುಡುಗಿ ಎರಡು ದಿನ ಬಾರದಿದ್ದರೆ ಅದು ಅವಳ ಮನೆಯ ಬಾಗಿಲು ತಟ್ಟೀತೆ? ಉಳ್ಳವರ ಶಾಲೆಗೆ ಯಂತ್ರ ಮೇಷ್ಟ್ರ ಜೊತೆಗೆ ಬರುತ್ತದೆ. ಇಲ್ಲದವರ ಶಾಲೆಗೆ ಮೇಷ್ಟ್ರ ಬದಲಿಗೆ ಬರುತ್ತದೆ. ಇದನ್ನು ಪ್ರಗತಿ ಎನ್ನಲು ನನಗೆ ನಾಲಗೆ ಹೊರಳದು.

ಅಧಿಕಾರಿ ಮಹಾಶಯರಲ್ಲಿ ಒಂದೇ ಅರಿಕೆ. ಯಂತ್ರದ ಬಿಲ್ಲಿಗೆ ರುಜು ಹಾಕುವ ಮೊದಲು ಆ ಶಾಲೆಯ ಮೇಷ್ಟ್ರುಗಳ ಹಾಜರಿ ಪುಸ್ತಕ ತರಿಸಿ ನೋಡಿ. ಅಲ್ಲಿ ಹೆಸರಿಲ್ಲದ ಸಾಲಿದ್ದರೆ ಮೊದಲು ಅದನ್ನು ತುಂಬಿ. ಬೋರ್ಡು ಆಮೇಲೆ ಬರಲಿ. ಗೋಡೆಗೆ ಹೊಡೆಯಲು ಮೊಳೆ ನಾನೇ ತರುತ್ತೇನೆ.